ಅರಮನೆ ಕಂಡ ಹೆಬ್ಬೆರಳು

ನಾನು ಕಾಲಿನ ಉಗುರುಗಳಿಗೆ ಬಣ್ಣ ಹಚ್ಚಿಕೊಳ್ಳುತ್ತೇನೆ. ಇದನ್ನೇನು ಇಷ್ಟು ಗಂಭೀರವಾಗಿ ಹೇಳಿಕೊಳ್ಳುತ್ತೀರಿ ಎಂದು ನೀವು ಕೇಳಬಹುದು. ನನ್ನನ್ನು ಬಲ್ಲವರಾಗಿದ್ದರೆ ಕೇಳುತ್ತಿರಲಿಲ್ಲ. ಅಮೆರಿಕದ ಜರ್ಮನ್‌ಟೌನಿನ ನಮ್ಮ ಕನ್ನಡ ಬಳಗದಲ್ಲಿ ನಾನು ಲಿಪ್‌ಸ್ಟಿಕ್ ಹಚ್ಚದ, ಕೇಳಿದ್ದಕ್ಕಷ್ಟೇ ಉತ್ತರಿಸುವ, ಮನೆಗೊಂದು ಅಡುಗೆ ತರುವ ಪಾಟ್‌ಲಕ್‌ಗೆ ಪ್ರತಿ ಸಲವೂ ಅದೇ ಡಬ್ಬಿಯಲ್ಲಿ ಅದೇ ಅಳತೆಯ ಮೊಸರನ್ನ ತರುವ ಹುಡುಗಿ. ಲ್ಯಾಬಿನಲ್ಲಿ ದ್ರಾವಣಗಳನ್ನು ಹನಿ ತಪ್ಪದಂತೆ ಅಳೆಯುವುದು ನನ್ನ ಉದ್ಯೋಗ. "ತುಂಬಾ ಸೀರಿಯಸ್ ಹುಡುಗಿ ಕಣ್ರೀ" ಎಂದು ಆಂಟಿಯರು ನನ್ನ ಎದುರಿಗೇ ಹೇಳುತ್ತಾರೆ. ಈ ಸೀರಿಯಸ್ ಹುಡುಗಿ ಭಾನುವಾರ ಬೆಳಗ್ಗೆ ಬಾಗಿಲು ಭದ್ರಪಡಿಸಿ, ಹತ್ತು ಉಗುರುಗಳಿಗೂ ಕಡುಗೆಂಪು ಬಳಿದು, ಆರಿದ ಮೇಲೆ ಸಾಕ್ಸ್ ಎಳೆದುಕೊಳ್ಳುತ್ತಾಳೆ. ಯಾರಿಗೂ ತೋರಿಸಲಿಕ್ಕಲ್ಲ. ಯಾರಿಗೂ ಗೊತ್ತಿಲ್ಲ ಎನ್ನುವುದೇ ಅದರ ಸುಖ. ಆ ಸುಖಕ್ಕೆ ಕುತ್ತು ತಂದದ್ದು ಯುರೋಪಿನ ಒಬ್ಬ ಚಕ್ರವರ್ತಿಯ ಅರಮನೆ.

ನನ್ನ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಮೈಸೂರಿನ ಸೀತಾರಾಮ್ ಅಂಕಲ್ ಮತ್ತು ವನಜಾ ಆಂಟಿ ಇದ್ದಾರೆ. ಹೋದ ಬೇಸಿಗೆಯಲ್ಲಿ ಮೂವರೂ ಒಂದೇ ವಿಮಾನದಲ್ಲಿ ಊರಿಗೆ ಹೊರಟೆವು. ದಾರಿಯಲ್ಲಿ ವಿಯೆನ್ನಾದಲ್ಲಿ ಒಂದೂವರೆ ದಿನ ಇಳಿದು ಅಲ್ಲಿನ ಅರಮನೆ ನೋಡಬೇಕೆನ್ನುವುದು ಅಂಕಲ್ ಯೋಜನೆ. ಅದಕ್ಕೆಂದೇ ಹೊಸ ವಿಡಿಯೊ ಕ್ಯಾಮೆರಾ ಕೊಂಡಿದ್ದರು. ಪ್ರಯಾಣಕ್ಕೆಂದು ಆಂಟಿ ದೊಡ್ಡ ಅಂಗಡಿಯಿಂದ ಬಿಳಿ ಸಾಕ್ಸಿನ ಡಜನ್ ಕಟ್ಟು ತಂದು ಮೂವರಿಗೂ ಹಂಚಿದ್ದರು. ಹೀಗೆ ನಮ್ಮ ಆರು ಪಾದಗಳೂ ಸಮವಸ್ತ್ರದಲ್ಲಿದ್ದವು. ಅಂಕಲ್ ಮತ್ತು ನಾನು ಜೀನ್ಸನ್ನೂ ಒಂದೇ ಥರದ್ದು ಹಾಕಿದ್ದೆವು. ಅರಮನೆಗೆ ಹೊರಟ ದಿನ ಬೆಳಗ್ಗೆ ಹೋಟೆಲಿನಲ್ಲಿ ನನ್ನ ಬಲಗಾಲಿನ ಸಾಕ್ಸ್ ತೂತಾಗಿ ಹೆಬ್ಬೆರಳು ಇಣುಕುವುದನ್ನು ಕಂಡೆ. ಉಳಿದ ಜೊತೆಗಳು ಸೂಟ್‌ಕೇಸಿನ ತಳದಲ್ಲಿದ್ದವು. ಹೇಗೂ ಶೂ ಹಾಕುತ್ತೇನಲ್ಲ, ಯಾರು ನೋಡುತ್ತಾರೆ ಎಂದುಕೊಂಡೆ. ಲ್ಯಾಬಿನಲ್ಲಿ ಇಂಥ ತರ್ಕ ಮಾಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಅರಮನೆಯ ಬಾಗಿಲಿಗೆ ಬಂದದ್ದೇ ತಡ, ಅಂಕಲ್ ಬಗ್ಗಿ ಲೇಸು ಬಿಚ್ಚತೊಡಗಿದರು. "ಅಂಕಲ್, ಇಲ್ಲಿ ಯಾರೂ ಶೂ ಬಿಚ್ಚಿಲ್ಲ" ಎಂದೆ. "ಅವ್ರಿಗೆ ಗೊತ್ತಿಲ್ಲಮ್ಮ. ಅರಮನೆ ಅಂದ್ಮೇಲೆ ಚಪ್ಪಲಿ ಹೊರಗೆ. ಮೈಸೂರಲ್ಲಿ ಬಿಡಲ್ವಾ? ಈ ಚಕ್ರವರ್ತಿ ಏನು ನಮ್ಮ ಮಹಾರಾಜರಿಗಿಂತ ಕಡಿಮೇನಾ?" ಆಂಟಿ ಆಗಲೇ ಸೀರೆಯಡಿಯಿಂದ ಶೂ ಕಳಚಿ, ಮೂಲೆ ಹುಡುಕಿ ಜೋಡಿಸುತ್ತಿದ್ದರು. ನಾನೊಬ್ಬಳೇ ಶೂ ಹಾಕಿಕೊಂಡು ಹೋದರೆ ಉದ್ಧಟತನ. ಕಾರಣ ಹೇಳಿದರೆ ಬೆರಳಿನ ವಿಷಯ. ಸುಮ್ಮನೆ ಬಿಚ್ಚಿದೆ, ಜೀನ್ಸನ್ನು ಆದಷ್ಟು ಕೆಳಗೆಳೆದುಕೊಂಡೆ. ನಮ್ಮ ಹಿಂದಿದ್ದ ಅಮೆರಿಕನ್ ದಂಪತಿ ನಮ್ಮನ್ನು ನೋಡಿ, ಪರಸ್ಪರ ಪಿಸುಗುಟ್ಟಿ, ತಾವೂ ಬಿಚ್ಚಿದರು. ಆಮೇಲೆ ಹೊರಬಂದಾಗ ನೋಡುತ್ತೇನೆ, ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೊತೆ ಶೂಗಳು. ಅರಮನೆಯ ಕಾವಲುಗಾರ ಸೊಂಟದ ಮೇಲೆ ಕೈಯಿಟ್ಟು ಅವನ್ನೇ ನೋಡುತ್ತಿದ್ದ.

ಒಳಗೆ ಫೋಟೊ ತೆಗೆಯಬಾರದೆಂಬ ಫಲಕವಿತ್ತು. ಅಂಕಲ್ ನಿಯಮ ಮೀರುವವರಲ್ಲ. ಕ್ಯಾಮೆರಾದ ಕೆಂಪು ಗುಂಡಿ ಒತ್ತಿ, ಕೊರಳಿಗೆ ಇಳಿಬಿಟ್ಟುಕೊಂಡರು. ಒಂದಾದ ಮೇಲೊಂದು ಕೋಣೆ. ಚಿನ್ನದ ಬಳ್ಳಿಗಳು ಹಬ್ಬಿದ ಬಿಳಿ ಗೋಡೆ, ಕನ್ನಡಿಯೊಳಗೆ ಕನ್ನಡಿ, ತಲೆಯ ಮೇಲೆ ದೀಪಗಳ ಗೊಂಚಲು. "ಈ ಪರದೆ ಎಲ್ಲಾ ಒಗೆಯೋರು ಯಾರೋ ಪಾಪ" ಎಂದು ಆಂಟಿ ಮರುಗಿದರು. ಚಕ್ರವರ್ತಿ ಮಲಗುತ್ತಿದ್ದ ಕಬ್ಬಿಣದ ಮಂಚ ನೋಡಿ ಅಂಕಲ್, "ಇಷ್ಟು ದೊಡ್ಡ ಮನುಷ್ಯನಿಗೆ ನಮ್ಮ ಹಾಸ್ಟೆಲ್ ಮಂಚ!" ಎಂದು ಬೆರಗಾದರು. ಕೈಪಿಡಿ ಓದಿ ಹೇಳುವ ಕೆಲಸ ನನ್ನದಾದ್ದರಿಂದ ನಾನು ಅಂಕಲ್ ಪಕ್ಕದಲ್ಲೇ ಇದ್ದೆ. ಉಳಿದವರು ಚಾವಣಿ ನೋಡುತ್ತಿದ್ದರೆ ನಾನು ಹೆಬ್ಬೆರಳನ್ನು ಮಡಿಚಿ ನಡೆಯುವ ಕಲೆಯನ್ನು ಅಭ್ಯಾಸ ಮಾಡುತ್ತಿದ್ದೆ. ಹೊರಗೆ ಬಂದು, ಕಾವಲುಗಾರನ ಕಣ್ಣು ತಪ್ಪಿಸಿ ಶೂ ಹಾಕಿಕೊಂಡು, ಅಂಕಲ್ ಮತ್ತೆ ಕೆಂಪು ಗುಂಡಿ ಒತ್ತಿ ಉದ್ಯಾನವನ್ನೆಲ್ಲ ಚಿತ್ರೀಕರಿಸಿದರು. ಅಳತೆಪಟ್ಟಿ ಹಿಡಿದು ಕತ್ತರಿಸಿದಂಥ ಗಿಡದ ಗೋಡೆಗಳು, ಕಾರಂಜಿ, ಗುಡ್ಡದ ಮೇಲಿನ ಕಮಾನುಗಳು, ಒಂದೂ ಬಿಡಲಿಲ್ಲ. ಯಾರೂ ನನ್ನ ಬೆರಳು ನೋಡಲಿಲ್ಲ. ನಾನು ಗೆದ್ದೆ ಎಂದೇ ತಿಳಿದಿದ್ದೆ.

ಊರಿನಿಂದ ಮರಳಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪಾಟ್‌ಲಕ್. ಊಟವಾದ ಮೇಲೆ ಅಂಕಲ್ ಮೂವತ್ತು ಜನರನ್ನು ಟಿವಿಯ ಮುಂದೆ ಕೂರಿಸಿ, "ಈಗ ನೋಡಿ, ಚಕ್ರವರ್ತಿಗಳ ಉದ್ಯಾನ" ಎಂದು ಟೇಪ್ ಹಾಕಿದರು. ತೆರೆಯ ಮೇಲೆ ಮರದ ನೆಲ ಕಂಡಿತು. ಆಮೇಲೆ ಇನ್ನಷ್ಟು ಮರದ ನೆಲ. ಅಂಕಲ್ ಮುಂದಕ್ಕೆ ಓಡಿಸಿದರು. ನೆಲ ವೇಗವಾಗಿ ಓಡಿತು. ಬಾಗಿಲಲ್ಲಿ ನಿಲ್ಲಿಸುತ್ತೇನೆಂದು ಒತ್ತಿದಾಗ ಕ್ಯಾಮೆರಾ ಶುರುವಾಗಿತ್ತು, ಉದ್ಯಾನದಲ್ಲಿ ಶುರು ಮಾಡುತ್ತೇನೆಂದು ಒತ್ತಿದಾಗ ನಿಂತಿತ್ತು. ಎರಡು ಗಂಟೆ ಅದು ಅಂಕಲ್ ಎದೆಯ ಮೇಲಿಂದ ಅರಮನೆಯ ನೆಲವನ್ನು ಕಣ್ಣು ಮಿಟುಕಿಸದೆ ನೋಡಿತ್ತು. ಬಿಳಿ ಸಾಕ್ಸಿನ ಕಾಲುಗಳು ಒಮ್ಮೆ ಮೂರು, ಒಮ್ಮೆ ಐದು ಕಾಣುತ್ತಿದ್ದವು.

"ನೆಲ ಚೆನ್ನಾಗಿದೆ ಬಿಡಿ, ನಮ್ಮ ಬೇಸ್‌ಮೆಂಟ್‌ಗೂ ಇಂಥದ್ದೇ ಹಾಕಿಸ್ಬೇಕು" ಎಂದರು ರುಕ್ಮಿಣಿ ಆಂಟಿ. ಬಳಗದಲ್ಲಿ ಅವರಿಗೆ ತಿಳಿಯದ ಸುದ್ದಿಯಿಲ್ಲ, ಅವರಿಗೆ ತಿಳಿದದ್ದು ಉಳಿದವರಿಗೆ ತಿಳಿಯದೆಯೂ ಇಲ್ಲ. ಅಷ್ಟರಲ್ಲಿ ಅವರ ಒಂಬತ್ತು ವರ್ಷದ ಮಗಳು ಪೂಜಾ ತೆರೆಗೆ ಮೂಗು ತಾಗಿಸಿ ಕೂಗಿದಳು: "ಅಮ್ಮಾ, ಲುಕ್! ಹೂಸ್ ಟೋ ಈಸ್ ದಟ್?"

ಟೇಪ್ ನಿಂತಿತು. ತೆರೆಯ ನಡುವೆ, ಕಡುಗೆಂಪಾಗಿ, ನನ್ನ ಹೆಬ್ಬೆರಳು.

"ಸೀರೆ ಇಲ್ಲ, ಜೀನ್ಸು. ಅಂದ್ರೆ ವನಜಾ ಅಲ್ಲ" ಎಂದು ರುಕ್ಮಿಣಿ ಆಂಟಿ ತನಿಖೆ ಆರಂಭಿಸಿದರು. "ಹಾಗಾದ್ರೆ..." ಅವರ ಕತ್ತು ನನ್ನ ಕಡೆ ತಿರುಗತೊಡಗಿತು. ಉಳಿದ ಕತ್ತುಗಳೂ ಹಿಂಬಾಲಿಸಿದವು. ನಾನು ಕೈಯಲ್ಲಿದ್ದ ಮೊಸರನ್ನದ ಡಬ್ಬಿಯ ಮುಚ್ಚಳವನ್ನು ಮೂರನೆಯ ಸಲ ಬಿಗಿ ಮಾಡಿದೆ.

"ನಂದು ಕಣ್ರೀ" ಎಂದರು ಸೀತಾರಾಮ್ ಅಂಕಲ್.

"ನಿಮ್ದಾ? ನೇಲ್ ಪಾಲಿಶ್ ಇದೆಯಲ್ರೀ?"

"ಇದೆ. ಏನೀಗ?"

ಮೂವತ್ತು ಜನ ವನಜಾ ಆಂಟಿಯನ್ನು ನೋಡಿದರು. ಆಂಟಿ ಗಂಡನನ್ನು ನೋಡಿದರು, ಒಂದು ಕ್ಷಣ ನನ್ನನ್ನೂ ನೋಡಿದರು. "ನಾನೇ ಹಚ್ಚಿದ್ದು. ಇವ್ರಿಗೆ ಉಗುರುಸುತ್ತು ಆಗಿತ್ತು. ಪಾಲಿಶ್ ಬಳಿದ್ರೆ ನೀರು ತಾಗಲ್ಲ, ಬೇಗ ವಾಸಿಯಾಗತ್ತೆ. ಕೆಂಪೇ ಆಗ್ಬೇಕು."

"ಹೌದಾ?" ರುಕ್ಮಿಣಿ ಆಂಟಿ ನನ್ನ ಕಡೆ ತಿರುಗಿದರು. "ನೀನು ಲ್ಯಾಬಲ್ಲಿರೋಳು, ಹೇಳು. ಇದು ವರ್ಕ್ ಆಗತ್ತಾ?"

ವಿಜ್ಞಾನಕ್ಕೂ ಹೆಬ್ಬೆರಳಿಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ನಾನು ಹಿಂದೆಮುಂದೆ ನೋಡಲಿಲ್ಲ. "ಹಾನಿಯೇನೂ ಇಲ್ಲ ಆಂಟಿ" ಎಂದೆ.

ನನ್ನಂಥ ಸೀರಿಯಸ್ ಹುಡುಗಿಯ ಮಾತಿಗೆ ಎಷ್ಟು ಬೆಲೆಯಿದೆಯೆಂದು ಮುಂದಿನ ತಿಂಗಳು ತಿಳಿಯಿತು. ಪಾಟ್‌ಲಕ್ ಈ ಸಲ ರುಕ್ಮಿಣಿ ಆಂಟಿಯ ಮನೆಯಲ್ಲಿ. ಉಳಿದವರೆಲ್ಲ ಬಾಗಿಲಲ್ಲಿ ಶೂ, ಸಾಕ್ಸ್ ಬಿಚ್ಚಿ ಒಳಗೆ ಹೋದರು. ಸೋಫಾದ ಮೇಲೆ ಸಾಲಾಗಿ ಕೂತಿದ್ದ ಅಂಕಲ್‌ಗಳಲ್ಲಿ ಮೂವರ ಹೆಬ್ಬೆರಳ ಉಗುರುಗಳು ಕೆಂಪಗಿದ್ದವು. ಸೀತಾರಾಮ್ ಅಂಕಲ್ ಮಾತು ಉಳಿಸಿಕೊಳ್ಳಲು ಎರಡಕ್ಕೂ ಬಳಿದುಕೊಂಡು, ಕಾಲು ಮೇಲೆ ಕಾಲು ಹಾಕಿ ಚಕ್ರವರ್ತಿಯ ಮಂಚದ ಕಥೆ ಹೇಳುತ್ತಿದ್ದರು. ಆ ಮನೆಯಲ್ಲಿ ಸಾಕ್ಸ್ ಹಾಕಿ ನಿಂತವಳು ನಾನೊಬ್ಬಳೇ. ಅವರನ್ನು ನೋಡಿ ನನಗೆ ನಾಚಿಕೆಯೂ ಆಯಿತು, ಇನ್ನು ಯಾರ ಭಯ ಎಂಬ ಧೈರ್ಯವೂ ಬಂತು. ಬಾಗಿಲ ಬಳಿಗೆ ಹಿಂದಿರುಗಿ ಸಾಕ್ಸ್ ಎರಡನ್ನೂ ಕಳಚಿದೆ. ಇಷ್ಟು ವರ್ಷ ಬಚ್ಚಿಟ್ಟ ಹತ್ತು ಉಗುರುಗಳನ್ನು ಹೊತ್ತು ಸಭೆಯ ನಡುವೆ ನಡೆದುಬಂದೆ.

ರುಕ್ಮಿಣಿ ಆಂಟಿ ನನ್ನ ಪಾದ ನೋಡಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

"ಅಯ್ಯೋ ಪಾಪ" ಎಂದರು. "ಹತ್ತಕ್ಕೂ ಉಗುರುಸುತ್ತಾ?"

"ಹೌದು ಆಂಟಿ" ಎಂದೆ.