ಹಸಿರು ದೀಪ, ಖಾಲಿ ಡ್ರಮ್ಮು

ಕಣ್ಣಾರೆ ಕಾಣದ್ದನ್ನು ‘ಸರಿಯಾಗಿದೆ’ ಎನ್ನಬಾರದು. ಸಾಫ್ಟ್‌ವೇರ್ ಪರೀಕ್ಷಿಸುವ ನನ್ನ ಕಸುಬಿಗೆ ಇರುವುದು ಇದೊಂದೇ ನಿಯಮ. ಬಂಗಾರಪೇಟೆಯ ನಮ್ಮ ಪುಟ್ಟ ಕಚೇರಿಯಲ್ಲಿ ಇದನ್ನು ಮುರಿಯದವರಿಲ್ಲ; ಮುರಿದು ಬೇಸರಪಟ್ಟವರೂ ಇಲ್ಲ.

ನಾವು ಮಾಡುತ್ತಿದ್ದುದು ಕೆಜಿಎಫ್ ಕಡೆಯವರು ನೀರಿನ ಟ್ಯಾಂಕರ್ ತರಿಸಿಕೊಳ್ಳುವ ಆಪ್. ಟ್ಯಾಂಕರ್ ಮಾಲೀಕರು ಮೊದಲೇ ಹೇಳಿದ್ದರು: “ಕೆಜಿಎಫ್‌ನ ಉರಿಗಾಂನಾಗೆ ಒಂದು ದಿನ ನಡೆಸಿ ತೋರ್ಸಿ. ಉಪಯೋಗ ಕಂಡ್ರೆ ತಕ್ಕೊಂತೀನಿ. ಇಲ್ಲಾಂದ್ರೆ ಆರ್ಡರ್ ತಕ್ಕೊಳಕ್ಕೆ ನನ್ನ ಬಾಯೇ ಸಾಕು ನಂಗೆ.” ಅವರನ್ನು ಬಿಟ್ಟರೆ ನಮ್ಮ ಬಾಸ್‌ಗೆ ಬೇರೆ ಗಿರಾಕಿ ಇರಲಿಲ್ಲ. ಅವರು ಬೇಡವೆಂದರೆ ಕಚೇರಿಗೆ ಬೀಗ.

೧. ಮನೆ ನಂಬರು

ಕೋಡ್ ಬರೆಯುವ ಹುಡುಗನನ್ನು ಕೇಳಿದೆ, “ಪರೀಕ್ಷೆ ಮಾಡಿದೆಯಾ?”

“ನನ್ನ ಫೋನಲ್ಲಿ ಚೆನ್ನಾಗೇ ಓಗ್ತೈತೆ ಸಾರ್.”

ಅವನು ಹಾಕಿ ನೋಡಿದ್ದು ತನ್ನ ಮನೆಯ ವಿಳಾಸ ಒಂದನ್ನೇ. ನಾನು ಉರಿಗಾಂನ ಗಣಿ ಕಾರ್ಮಿಕರ ಹಳೆಯ ಮನೆಯೊಂದರ ವಿಳಾಸ ಹಾಕಿದೆ. ಅಲ್ಲಿ ಮನೆ ನಂಬರಿನ ಜೊತೆ ಅಕ್ಷರವೂ ಇರುತ್ತದೆ. ಆಪ್ ಒಪ್ಪಲಿಲ್ಲ; ಅದಕ್ಕೆ ಬರೀ ಅಂಕಿ ಬೇಕಂತೆ. ತೋರಿಸಿದೆ.

ಹುಡುಗ ಫೋನನ್ನು ನನಗೇ ವಾಪಸು ಕೊಟ್ಟ. “ಅವರಿಗೇ ಏಳಿ ಸಾರ್, ನಂಬರ್ ಬದಲಾಯಿಸ್ಕೊಳ್ಳಲಿ.”

೨. ಅತ್ತೆಯ ತೋಟ

ನನ್ನ ಜೊತೆ ಪರೀಕ್ಷೆ ಮಾಡುವ ಹುಡುಗಿ ಕೆಜಿಎಫ್‌ನದೇ ಕೋರಮಂಡಲ್‌ನಲ್ಲಿರುವ ಬಾಸ್‌ನ ಅತ್ತೆ ಮನೆ ವಿಳಾಸ ಹಾಕಿ, ಸುಮ್ಮನೆ ನೋಡೋಣವೆಂದು ಒಂದು ಆರ್ಡರ್ ಕೊಟ್ಟಳು. ಮಧ್ಯಾಹ್ನಕ್ಕೆ ಆ ಮನೆ ಬಾಗಿಲಲ್ಲಿ ನಿಜವಾದ ಟ್ಯಾಂಕರ್ ನಿಂತಿತ್ತು.

“ಯಾವ ಸರ್ವರ್ ಅಂತ ನೋಡಿದೆಯೇನಮ್ಮ, ಪರೀಕ್ಷೆದೋ ನಿಜದ್ದೋ?” ಎಂದೆ.

“ಪರೀಕ್ಷೆದೇ ಇರ್ಬೇಕು ಅಂದ್ಕೊಂಡೆ ಸಾರ್.”

ಅತ್ತೆ ಮನೆಯ ತೊಟ್ಟಿ ಮೊದಲೇ ತುಂಬಿತ್ತು. ಆದರೂ ಆಕೆ ಡ್ರೈವರ್‌ನನ್ನು ವಾಪಸು ಕಳಿಸಲಿಲ್ಲ. ಕುಂಬಳದ ಬಳ್ಳಿಗೆ, ಪಕ್ಕದ ಮನೆಯ ನುಗ್ಗೆಗೆ, ಕೊನೆಗೆ ಬೀದಿಗೂ ನೀರು ಹೊಡೆಸಿದರು. ಸಂಜೆ ಅಳಿಯನಿಗೆ ಫೋನ್ ಬಂತು: “ನಾಳೆಯೂ ಪರೀಕ್ಷೆ ಐತೇನಪ್ಪ?”

೩. ಹಸಿರು ದೀಪ

ಆಪ್ ನಡೆಯುತ್ತಿದೆಯೋ ಇಲ್ಲವೋ ನೋಡಲು ಬಾಸ್ ಗೋಡೆಗೆ ಟಿವಿಯಂಥ ಒಂದು ಪರದೆ ಹಾಕಿಸಿದರು. ಸರಿ ಇದ್ದರೆ ಅದರಲ್ಲಿ ಹಸಿರು ದೀಪ, ಕೆಟ್ಟರೆ ಕೆಂಪು. ಬಂದವರಿಗೆಲ್ಲ ಅದನ್ನು ತೋರಿಸಿಯೇ ಕಾಫಿ ಕೊಡುತ್ತಿದ್ದರು.

ಕೆಲವು ಮನೆಗಳಿಗೆ ಆಪ್ ಕೊಟ್ಟು ನೋಡುತ್ತಿದ್ದ ದಿನಗಳಲ್ಲಿ ಒಂದು ಬೆಳಗ್ಗೆ, ಆರ್ಡರನ್ನು ಟ್ಯಾಂಕರ್ ಮಾಲೀಕರಿಗೆ ಮುಟ್ಟಿಸುವ ಕೊಂಡಿ, ಅಂದರೆ ಎಪಿಐ, ಸತ್ತುಬಿದ್ದಿತು. ದೀಪ ಮಾತ್ರ ಹಸಿರು. ಅದು ಮೊದಲ ಪುಟ ತೆರೆಯುತ್ತದೆಯೇ ಎಂದಷ್ಟೇ ನೋಡುತ್ತಿತ್ತು. ಅಂಗಡಿ ಬಾಗಿಲು ತೆರೆದಿದ್ದರೆ ಸಾಕು, ಗಲ್ಲಾಪೆಟ್ಟಿಗೆಯ ಮುಂದೆ ಯಾರೂ ಇಲ್ಲದಿದ್ದರೂ ಚಿಂತೆಯಿಲ್ಲ ಎಂಬಂತೆ.

ಮಾಲೀಕರು ಫೋನ್ ಮಾಡಿದರು: “ಏನ್ ಸಾರ್, ಒಬ್ರೂ ನೀರು ಕೇಳ್ಲಿಲ್ಲ?”

ಬಾಸ್ ಕಿಟಕಿಯಾಚೆಯ ಸುಡುಬಿಸಿಲು ನೋಡಲಿಲ್ಲ, ಪರದೆ ನೋಡಿದರು. “ಇವತ್ತು ಯಾರಿಗೂ ಬಾಯಾರಿಕೆ ಇಲ್ಲ ಅನ್ಸುತ್ತೆ ಸಾರ್.”

೪. ನೀರು ಬಂತೇ?

ಮಾಲೀಕರು ಕೇಳಿದ್ದ ಉರಿಗಾಂನ ದಿನ ಬಂತು. ಅಂದಿನ ಮೊದಲ ಆರ್ಡರ್ ಒಬ್ಬ ಹೆಂಗಸಿನದು. ಮನೆ ಮುಂದೆ ನೀಲಿ ಡ್ರಮ್ಮು ತೊಳೆದು ಇಟ್ಟಿದ್ದರು. ಬಾಸ್ ಕ್ಯಾಮೆರಾ ಹಿಡಿದಿದ್ದರು. ಟ್ಯಾಂಕರ್ ಮಾಲೀಕರು ಗಡಿಯಾರ ನೋಡುತ್ತಿದ್ದರು. ಟ್ಯಾಂಕರ್ ಇಲ್ಲ. ಅಷ್ಟರಲ್ಲಿ ಆ ಹೆಂಗಸಿನ ಫೋನಿನಲ್ಲಿ ಪ್ರಶ್ನೆ ಮೂಡಿತು: ‘ನೀರು ಬಂತೇ? ಹೌದು. ಇಲ್ಲ.’ ಡ್ರೈವರ್ ಎಲ್ಲಿಂದಲೋ ‘ಕೊಟ್ಟಾಯ್ತು’ ಎಂದು ಒತ್ತಿಬಿಟ್ಟಿದ್ದ.

ಬಾಸ್ ಮೆಲ್ಲಗೆ ಹೇಳಿದರು, “‘ಹೌದು’ ಒತ್ತಿಬಿಡಕ್ಕ. ದಾರೀಲೈತೆ.”

“ದಾರೀಲಿರೋ ನೀರಲ್ಲಿ ಸಾರು ಕಾಯಿಸಕ್ಕಾಯ್ತದಾ?”

“ನಮ್ಮ ಕೆಲಸ ಓಗ್ತದೆ ಅಕ್ಕ.”

“ನಿಮ್ದು ಕೆಲ್ಸ ಓಗ್ತದೆ, ನಮ್ದು ನೀರು ಓಗ್ತದೆ. ಬರ್ದೇ ಇರೋದನ್ನ ಬಂತು ಅಂತ ಎಂಗೆ ಒತ್ತಲಿ ಸಾಮಿ?” ಎಂದವರು ‘ಇಲ್ಲ’ ಒತ್ತಿದರು.

ಆಪ್‌ನಿಂದ ಮಾಲೀಕರ ಫೋನಿಗೆ ಕಿಣಿ ಎಂದು ಸಂದೇಶ ಬಂತು: ಡ್ರೈವರ್ ‘ಕೊಟ್ಟೆ’ ಎನ್ನುತ್ತಾನೆ, ಗಿರಾಕಿ ‘ಇಲ್ಲ’ ಎನ್ನುತ್ತಾಳೆ. ಅವರು ಡ್ರೈವರ್‌ಗೆ ಫೋನ್ ಹಚ್ಚಿದರು. “ಎಲ್ಲಿದೀಯಲಾ?”

“ಉರಿಗಾಂನಾಗೇ ಅಣ್ಣ. ನೀರು ಬಿಡ್ತಾ ಇವ್ನಿ.”

ಮಾಲೀಕರು ಒಣ ಡ್ರಮ್ಮನ್ನು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿದರು. “ಇಷ್ಟು ದಿನ ನಂಗೆ ಇದೇ ಗೊತ್ತಾಗ್ತಿರ್ಲಿಲ್ಲ. ಆ ‘ಇಲ್ಲ’ ಬಟನ್ ಇರೋ ಆಪ್ ನಂಗೆ ಬೇಕು.”

ಬಾಸ್ ಹಿಗ್ಗಿ ಕ್ಯಾಮೆರಾ ಎತ್ತಿದರು. “ಅಕ್ಕ, ಈಗ ಫೋಟೋಗೆ ಅಂತ ಒಂದೇ ಒಂದು ಸಲ ‘ಹೌದು’ ಒತ್ತಿಬಿಡಿ.”

ಆಕೆ ತಮ್ಮ ಫೋನನ್ನು ಖಾಲಿ ಡ್ರಮ್ಮಿನೊಳಗೆ ಇಳಿಬಿಟ್ಟು, ಮುಚ್ಚಳ ಮುಚ್ಚಿ, ಅದರ ಮೇಲೆ ಕೂತುಬಿಟ್ಟರು.