ಹಾವನ್ನು ಮದುವೆಯಾದ ಕ್ಯಾಸೆಟ್ಟು

...ಅಲ್ಲ, ಕ್ಯಾಸೆಟ್ಟಿನ ಡಬ್ಬಿ ಕಪ್ಪಗಿತ್ತೋ ಕೆಂಪಗಿತ್ತೋ ಎಂಬುದೇ ಈಗ ಖಚಿತವಿಲ್ಲ. ಹೆಂಡತಿ ಕೆಂಪು ಎನ್ನುತ್ತಾಳೆ. ನೆನಪಿನ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ, ನನ್ನನ್ನಂತೂ ಮೊದಲೇ ಇಲ್ಲ. ಹೊಟ್ಟೆಕಿಚ್ಚು ಮಾತ್ರ ಖಚಿತ.

ಕಿಚ್ಚಿನ ಹೆಸರು ಸುಬ್ರಾಯ. ಯಲ್ಲಾಪುರದಲ್ಲಿ ಕನ್ನಡ ಮೇಷ್ಟ್ರು. ಎಲ್ಲಿ ಮೈಕಿದೆಯೋ ಅಲ್ಲಿ ಸುಬ್ರಾಯ. ಅವನ ಮಾತು ರೇಡಿಯೊದಲ್ಲಿ ಬಂದರೆ ನನ್ನ ಹೆಂಡತಿ ಸವಿತಾ ಒಗ್ಗರಣೆಯನ್ನೇ ಮುಂದೂಡುತ್ತಿದ್ದಳು. "ಸುಬ್ರಾಯಣ್ಣ ಎಷ್ಟ್ ಚೊಲೋ ಮಾತಾಡ್ತ" ಎನ್ನುತ್ತಿದ್ದಳು. ನಾನೂ ಮೇಷ್ಟ್ರೇ. ನಾನು ಮಾತಾಡಿದರೆ ಒಗ್ಗರಣೆ ಸಿಡಿಯುತ್ತಲೇ ಇರುತ್ತಿತ್ತು.

ಆದ್ದರಿಂದ ಅವನ ಊರಿನಲ್ಲೇ, ಅವನ ಎದುರಿಗೇ, ಅಜ್ಜಿಕತೆ ಸಿನಿಮಾದಲ್ಲಿ ಹೇಗೆ ವೇಷ ಬದಲಿಸುತ್ತದೆ ಎಂದು ಉಪನ್ಯಾಸ ಕೊಡುವ ಕರೆ ಬಂದಾಗ ಎರಡನೆಯ ಮಾತಿಲ್ಲದೆ ಒಪ್ಪಿದೆ. ನನ್ನ ಸಿದ್ಧಾಂತ ಗಟ್ಟಿಯಾಗಿತ್ತು. ಕತೆಯಲ್ಲಿ ಹುಡುಗಿ ಹಾವನ್ನು ಮದುವೆಯಾಗುತ್ತಾಳೆ, ಹಾವು ಪೊರೆ ಕಳಚಿ ರಾಜಕುಮಾರನಾಗುತ್ತದೆ. ಸಿನಿಮಾದಲ್ಲಿ ಡ್ರೈವರನನ್ನು ಮದುವೆಯಾಗುತ್ತಾಳೆ, ಅವನು ಎಸ್ಟೇಟಿನ ಮಾಲೀಕನಾಗಿಬಿಡುತ್ತಾನೆ. ಪೊರೆಯ ಬದಲು ಖಾಕಿ ಅಂಗಿ, ಅಷ್ಟೇ. ತೋರಿಸಲು ಹಾವಿನ ಕತೆಯ ಹಳೆಯ ಸಿನಿಮಾವೊಂದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದೆ.

ಯಲ್ಲಾಪುರದಲ್ಲಿ ಇಳಿದು ಚೀಲ ತೆಗೆದರೆ ಟಿಪ್ಪಣಿ ಇದೆ, ಶಾಲು ಹೊದಿಸಿಕೊಳ್ಳಲೆಂದು ತಂದ ಇಸ್ತ್ರಿ ಅಂಗಿ ಇದೆ, ಕ್ಯಾಸೆಟ್ಟಿಲ್ಲ. ಟೆಲಿಫೋನ್ ಬೂತಿಗೆ ಓಡಿ ಶಿರಸಿ ಹತ್ತಿರದ ಇಸಳೂರಿನ ನಮ್ಮ ಮನೆಗೆ ಫೋನು ಮಾಡಿದೆ. ಲೈನಿನಲ್ಲಿ ಜಲಪಾತದ ಸದ್ದು. ನಮ್ಮ ಮಾತಿನಲ್ಲಿ ಹುಡುಗಿಯೂ ಕೂಸು, ಮದುಮಗಳೂ ಕೂಸು. ಕಿರುಚಿದೆ: "ಕೂಸು ಹಾವ್ನ ಮದ್ವೆ ಆದ ಕ್ಯಾಸೆಟ್ ಇದ್ದಲ, ಅದ್ನ ಬಸ್ಸಿಗೆ ಕೊಟ್ಟು ಕಳ್ಸು!"

ಬೂತಿನವನು ಚಿಲ್ಲರೆ ಕೊಡುತ್ತಾ, ಹುಡುಗಿ ಯಾವ ಊರಿನವಳು ಎಂದು ಮೆಲ್ಲಗೆ ಕೇಳಿದ.

ಶಿರಸಿ ಬಸ್ಸಿನ ಕಂಡಕ್ಟರು ಕ್ಯಾಸೆಟ್ಟನ್ನು ಜೋಪಾನವಾಗಿ ತಂದುಕೊಟ್ಟರು. ಉಪನ್ಯಾಸ ಸಾಗಿತು. ಟಿವಿಗೆ ಬೆನ್ನು ಹಾಕಿ, ಸಭೆಗೆ ಮುಖ ಮಾಡಿ, ಗಂಭೀರವಾಗಿ ಘೋಷಿಸಿದೆ: "ಈಗ ನಾಗರಾಜಕುಮಾರನ ಪ್ರವೇಶವಾಗುತ್ತದೆ."

ಸಭೆ ಘೊಳ್ಳೆಂದಿತು. ತಿರುಗಿ ನೋಡಿದೆ. ನೀಲಿ ಹಾಲ್ಗಡಲು. ಹೆಡೆ ಬಿಚ್ಚಿದ ಹಾವು. ಅದರ ಮೇಲೆ ಬಾಸಿಂಗ ಕಟ್ಟಿಕೊಂಡು ಮಲಗಿರುವ ನಾನು! ಕಾಲ ಬುಡದಲ್ಲಿ ಗುಲಾಬಿ ಹೂವೊಂದು ಅರಳಿ, ಅದರೊಳಗಿಂದ ಸವಿತಾಳ ತಲೆ ಬಂತು. ಮದುವೆಯ ವಿಡಿಯೊದವನು ಹೊಸದಾಗಿ ಮಿಕ್ಸಿಂಗ್ ಕಲಿತಿದ್ದ.

ನಾನು ಪ್ಲಗ್ ಹುಡುಕುತ್ತಿರುವಾಗ ಸುಬ್ರಾಯ ಎದ್ದು ನಿಂತ. ನಿಜವಾಗಿ ಎದ್ದನೋ, ನನ್ನ ಹೊಟ್ಟೆಕಿಚ್ಚು ಆಮೇಲೆ ನೆನಪಿನಲ್ಲಿ ಅವನನ್ನು ಎಬ್ಬಿಸಿತೋ. "ಧಾರೆಯ ದಿನ ವರನೇ ವಿಷ್ಣು ಎಂದು ಕಾಲು ತೊಳೆಯುತ್ತೇವೆ. ಪುರೋಹಿತರು ಬಾಯಲ್ಲಿ ಹೇಳಿದ್ದನ್ನು ವಿಡಿಯೊದವನು ತೋರಿಸಿದ್ದಾನೆ. ಇವತ್ತಿನ ಪುರಾಣ ಇರುವುದೇ ಇಲ್ಲಿ. ಸ್ವಂತ ಮದುವೆಯನ್ನೇ ಅಧ್ಯಯನಕ್ಕೆ ಒಡ್ಡಿದ ನಮ್ಮ ಮಿತ್ರರ ಧೈರ್ಯ ದೊಡ್ಡದು" ಎಂದ. ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಮದುವೆಗೆ ಬಂದು ಊಟ ಮಾಡಿ ಹೋಗಿದ್ದ ಮನುಷ್ಯ, ಈಗ ಅದರ ಚಪ್ಪಾಳೆಯನ್ನೂ ಒಯ್ದ.

ಮನೆ ಸೇರಿದಾಗ ಸವಿತಾ ಮೊದಲು ಕೇಳಿದ್ದು, ಸುಬ್ರಾಯಣ್ಣ ಏನು ಹೇಳಿದ ಎಂದು. ನಾನು ಕ್ಯಾಸೆಟ್ಟನ್ನು ಮೇಜಿನ ಮೇಲೆ ಕುಕ್ಕಿ, ಇದನ್ನೇಕೆ ಕಳಿಸಿದೆ ಎಂದೆ.

"ನಿಂಗ ಹೇಳಿದ್ದನ್ನೇ ನಾ ಕಳ್ಸಿದ್ದಿ. ಕೂಸು ಹಾವ್ನ ಮದ್ವೆ ಆದ ಕ್ಯಾಸೆಟ್ ನಮ್ಮನೇಲಿ ಮತ್ಯಾವುದಿದ್ದು?"

ವಿಡಿಯೊದ ಹಾವೆಂದುಕೊಂಡು ಕಳಿಸಿದಳೋ, ಆ ಹಾವು ನಾನೇ ಎಂದುಕೊಂಡು ಕಳಿಸಿದಳೋ. ಕತೆಯ ಹಾವು ಪೊರೆ ಕಳಚುತ್ತದೆ. ಇಲ್ಲಿ ಅವಳು ಇನ್ನೂ ಕಾಯುತ್ತಿದ್ದಾಳೋ, ಕಾಯುವುದನ್ನು ಬಿಟ್ಟಿದ್ದಾಳೋ, ನನಗೆ ಗೊತ್ತಿಲ್ಲ. ಕೇಳಿಲ್ಲ.