ಜೇಕಬ್ ಪೊರ್ಬುಗಳ ಮಾದರಿ ಮಾಡು

ಜೇಕಬ್: ಆ ಬಾಲ್ದಿ ತೆಗಿ ಅಂತ ಎಷ್ಟು ಸಲ ಹೇಳ್ಬೇಕು ಮಾರಾಯ್ತಿ? ಪಾರ್ಟಿ ಈಗ ಬಂದುಬಿಡ್ತದೆ!

ಮಗ್ದಲಿನ್: ತೆಗೆದ್ರೆ ನೀರು ಎಲ್ಲಿಗೆ ಬೀಳ್ಬೇಕು? ನಿಮ್ಮ ಮಂಡೆಗಾ?

ಜೇಕಬ್: ನೆಲಕ್ಕೆ ಬೀಳ್ಲಿ. ಮ್ಯಾಟ್ ಹಾಕು. ಮ್ಯಾಟ್ ನೀರು ಕುಡೀತದೆ.

ಮಗ್ದಲಿನ್: ಬೆಳಿಗ್ಗೆಯಿಂದ ಕುಡಿದೂ ಕುಡಿದೂ ಅದರ ಹೊಟ್ಟೆ ಉಬ್ಬಿದೆ. ಹೋಗಿ ಹಿಂಡಿ ಬನ್ನಿ, ಆಮೇಲೆ ಪಾರ್ಟಿಯ ಮಾತಾಡುವ.

ಕ್ರೈಸ್ತರನ್ನು ಊರವರು ಪೊರ್ಬುಗಳೆಂದು ಕರೆಯುವ ವರ್ಕಾಡಿಯಲ್ಲಿ ಜೇಕಬರ ಹೊಸ ಮನೆಗೆ ಪಾದ್ರಿಗಳು ಬಂದು ಪವಿತ್ರ ಜಲ ಚಿಮುಕಿಸಿ ಎರಡು ಮಳೆಗಾಲ ಕಳೆದಿತ್ತು. ಚಿಮುಕಿಸುವ ಆ ಕೆಲಸವನ್ನು ಅಂದಿನಿಂದ ತಲೆಯ ಮೇಲಿನ ಮಾಡೇ ವಹಿಸಿಕೊಂಡಿತ್ತು. ಊರವರೆಲ್ಲ ಹಂಚು ಹೊದೆಸಿದರೆ ಜೇಕಬರು ಓರೆ ಸ್ಲ್ಯಾಬಿನ ಮೇಲೆ ಶಿಂಗಲ್ಸ್ ಅಂಟಿಸಿದ್ದರು. ಅಂದರೆ ಡಾಂಬರಿನ ಹಾಳೆಗೆ ಕರಿ ಮರಳು ಮೆತ್ತಿದ ಬಿಲ್ಲೆಗಳು. ಕ್ಯಾಲೆಂಡರಿನಲ್ಲಿ ಕಾಣುವ ಪರದೇಶದ ಮನೆಗಳಿಗೆ ಅವು ಬಹಳ ಒಪ್ಪುತ್ತವೆ. ಅಲ್ಲಿ ಆಟಿ ತಿಂಗಳ ಮಳೆ ಇಲ್ಲ. ಇಲ್ಲಿ ಮೊದಲ ಆಟಿಗೇ ಬಿಲ್ಲೆಗಳ ಅಂಚು ಹಪ್ಪಳದ ಹಾಗೆ ಮೇಲೆದ್ದಿತು. ಮೂವತ್ತು ವರ್ಷದ ಗ್ಯಾರಂಟಿ ಇದ್ದದ್ದು ನಿಜ. ಅದು ಬಣ್ಣಕ್ಕೆ ಮಾತ್ರ ಎಂದು ಬಿಲ್ಲೆ ಮಾರಿದ ಅಂಗಡಿಯ ಹರಿನಾರಾಯಣ ಸಮಾಧಾನವಾಗಿ ವಿವರಿಸಿದ್ದು ಮನೆ ಸೋರಿದ ಮೇಲೆ.

ಅದೇ ಹರಿನಾರಾಯಣ ಮೊನ್ನೆ ಫೋನಿನಲ್ಲಿ ಒಂದು ದಾರಿ ತೋರಿಸಿದ್ದ. ಪುತ್ತಿಗೆಯಿಂದ ಹೊಸ ಗಿರಾಕಿ ಒಬ್ಬರು ಮಾಡು ನೋಡಲು ಬರುತ್ತಾರೆ, ಅವರ ಹತ್ತಿರ ನಾಲ್ಕು ಒಳ್ಳೆಯ ಮಾತು ಹೇಳಿ, ಅವರಿಗೆ ಮನಸ್ಸಾದರೆ ಮೊಂತಿ ಹಬ್ಬದೊಳಗೆ ನಿಮ್ಮ ಮಾಡು ಪುಕ್ಕಟೆ ಹೊಸತು ಮಾಡಿ ಕೊಡುತ್ತೇನೆ ಎಂದಿದ್ದ.

ಮೊಂತಿ ಹಬ್ಬ ಎಂದರೆ ಮರಿಯಮ್ಮನವರ ಹುಟ್ಟುಹಬ್ಬ, ಜೇಕಬರಿಗೆ ಈಗ ಪರೀಕ್ಷೆಯ ದಿನ. ಆ ದಿನ ಹೊಸಕ್ಕಿಯ ಊಟಕ್ಕೆ ಅಣ್ಣ ಲ್ಯಾರಿ ಸಂಸಾರ ಸಮೇತ ಇಲ್ಲಿಗೆ ಬರುವವರಿದ್ದರು. "ಹಂಚು ಹಾಕು ಜೇಕಬ್" ಎಂದು ಬುದ್ಧಿ ಹೇಳಿದ ಅಣ್ಣ ಅವರು. "ನಿಮಗೆ ಹೊಸ ಕಾಲದ್ದು ಗೊತ್ತಾಗುವುದಿಲ್ಲ" ಎಂದು ಹತ್ತು ಜನರ ಎದುರು ಹೇಳಿದ ತಮ್ಮ ಇವರು. ಹೇಳಿದ ಮಾತು ಉಳಿಸಿಕೊಳ್ಳಲು ಪ್ರತಿ ಮಳೆಗೂ ಅಣ್ಣನ ವಾಟ್ಸಾಪಿಗೆ ಮಾಡಿನ ಫೋಟೋ ಹೋಗುತ್ತಿತ್ತು. ಹೊರಗಿನಿಂದ ತೆಗೆದದ್ದು. ಕೆಳಗೆ, "ಒಂದು ಹನಿ ಇಲ್ಲ!"

ಜೇಕಬ್: ದೇವರ ಆಲ್ತಾರಿನ ಮೇಲಿನ ಆ ಪ್ಲಾಸ್ಟಿಕ್ಕನ್ನೂ ತೆಗಿ. ನೋಡಿದವರು ಎಂತ ಹೇಳಿಯಾರು?

ಮಗ್ದಲಿನ್: ನೀರಿನ ಮೇಲೆ ನಡೆದ ಸ್ವಾಮಿಗೆ ಪ್ಲಾಸ್ಟಿಕ್ ಹೊದೆಸಿದ ಮೊದಲ ಮನೆ ಇದು ಅಂತ ಹೇಳಿಯಾರು. ಹಬ್ಬದ ದಿನವೂ ಸುಲಭ ಆಯ್ತು ಬಿಡಿ. ಬಾಳೆ ಎಲೆಗೆ ನಾವು ನೀರು ಚಿಮುಕಿಸ್ಬೇಕೂಂತ ಇಲ್ಲ.

ಜೇಕಬ್: ನಿನಗೆ ಕೈ ಮುಗೀತೇನೆ. ಅವ ಹೋಗುವವರೆಗೆ ಬಾಯಿ ಮುಚ್ಚಿ ಕೂತ್ಕೋ.

ಮಗ್ದಲಿನ್: ಮಾಡಿನ ತೂತು ಮುಚ್ಚಲಿಕ್ಕೆ ಆಗದವರು ನನ್ನ ಬಾಯಿ ಮುಚ್ಚಲಿಕ್ಕೆ ಹೊರಟದ್ದು!

ಅಷ್ಟರಲ್ಲಿ ಪಾರ್ಟಿ ಬಂದೇ ಬಂತು. ಐವತ್ತರ ಆಸುಪಾಸಿನ ಸಪೂರ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು, ಬಿಡಿಸಿದ ಕೊಡೆಯನ್ನು ಬಾಗಿಲಲ್ಲಿ ಓರೆ ಮಾಡಿ, ಮತ್ತೆ ನೆಟ್ಟಗೆ ಹಿಡಿದು ಚಾವಡಿಯ ನಡುವೆ ಬಂದು ನಿಂತರು.

ವಾಸಪ್ಪ: ನಮಸ್ಕಾರ ಪೊರ್ಬುಗಳೇ. ವಾಸಪ್ಪ ಅಂತ, ಪುತ್ತಿಗೆಯಿಂದ. ಹರಿನಾರಾಯಣರು ಕಳಿಸಿದ್ದು.

ಜೇಕಬ್: ಬನ್ನಿ ಬನ್ನಿ ವಾಸಪ್ಪಣ್ಣ. ಕೊಡೆ ಮಡಚಿ, ಒಳಗೆ ಬಂದಾಯ್ತಲ್ಲ.

ವಾಸಪ್ಪ: ಓ! ಅಭ್ಯಾಸ ನೋಡಿ, ಮರೆತೇ ಹೋಯ್ತು.

ಜೇಕಬ್ ಸೋಫಾ ತೋರಿಸಿದರು. ವಾಸಪ್ಪ ಒಮ್ಮೆ ಮೇಲೆ ನೋಡಿದರು, ಒಮ್ಮೆ ಕೆಳಗೆ ನೋಡಿದರು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ಬಾಗಿಲ ಮೂಲೆಯಲ್ಲಿ ಕೂತರು. ಇಡೀ ಚಾವಡಿಯಲ್ಲಿ ಒಣಗಿದ್ದ ಜಾಗ ಅದೊಂದೇ. ದೇವರು ಕಾಪಾಡಿದ ಎಂದುಕೊಂಡ ಜೇಕಬ್ ತಾವೇ ಸೋಫಾದಲ್ಲಿ ಕೂತು, ಕೂತ ಕೂಡಲೇ ಹಿಂದಿನಿಂದ ಒದ್ದೆಯಾದರು.

ವಾಸಪ್ಪ: ಈಗ ಹೇಗುಂಟು ಪೊರ್ಬುಗಳೇ?

ಜೇಕಬ್: ಈಗ ಅಂತ ಎಂತ? ಯಾವಾಗ್ಲೂ ಫಸ್ಟ್ ಕ್ಲಾಸ್.

ವಾಸಪ್ಪ: ಈ ಮಳೆಗೂ ಒಂದು ಹನಿ ಇಲ್ವಾ?

ಮಗ್ದಲಿನ್: ಒಂದು ಹನಿಯಾ? ಇಲ್ಲಪ್ಪ. ಬರೀ ಒಂದು ಹನಿ ಅಂತ ನಾನು ಈ ಮನೆಯಲ್ಲಿ ನೋಡಿದ್ದೇ ಇಲ್ಲ.

ವಾಸಪ್ಪ: ಭಾರೀ ಆಯ್ತಲ್ಲ! ಮೇಲಿಂದ ಎಂತ ಹಾಕಿದ್ರು? ಟಾರಾ? ಗಮ್ಮಾ?

ಜೇಕಬ್: ಛೆ ಛೆ, ಎಂತದೂ ಇಲ್ಲ. ಮೊದಲ ದಿನ ಹೇಗಿತ್ತೋ ಇವತ್ತಿಗೂ ಹಾಗೇ ಉಂಟು.

ಮಗ್ದಲಿನ್: ಅದು ಮಾತ್ರ ಸತ್ಯ.

ವಾಸಪ್ಪ: ಎಂತದೂ ಹಾಕದೆ ತನ್ನಷ್ಟಕ್ಕೇ ಸರಿಯಾದದ್ದಾ?

ಜೇಕಬ್: ಹಾಳಾದ್ರಲ್ವಾ ಮಾರಾಯ್ರೆ ಸರಿಯಾಗ್ಲಿಕ್ಕೆ!

ವಾಸಪ್ಪನವರ ಮುಖದಲ್ಲಿ ಪವಾಡ ಕಂಡವರ ಬೆರಗು ಮೂಡಿತು. ಇಷ್ಟು ಸುಲಭಕ್ಕೆ ಬಲೆಗೆ ಬಿದ್ದನಲ್ಲ ಎಂದು ಜೇಕಬರಿಗೆ ಒಳಗೊಳಗೇ ಪಾಪ ಅನ್ನಿಸಿತು. ಆದರೆ ಹಬ್ಬಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಪಾಪವನ್ನು ಆಮೇಲೆ ಪಾದ್ರಿಗಳಿಗೆ ನಿವೇದನೆ ಮಾಡಿಕೊಂಡರಾಯಿತು ಎಂದುಕೊಂಡು ಮಾತು ಮುಂದುವರಿಸಿದರು. ಮಗ್ದಲಿನ್ ಚಹಾ ತಂದಿಟ್ಟಳು. ಟಪ್ಪೆಂದು ಒಂದು ಹನಿ ನೇರ ಜೇಕಬರ ಕಪ್ಪಿಗೇ ಬಿತ್ತು.

ವಾಸಪ್ಪ: ಅದೆಂತ ಬಿದ್ದದ್ದು?

ಜೇಕಬ್: ಅದಾ? ಅದು ಏಸಿಯ ನೀರು.

ಮಗ್ದಲಿನ್: ನಮ್ಮಲ್ಲಿ ಏಸಿ ಉಂಟಾ? ನನಗೆ ಯಾರೂ ಹೇಳಲೇ ಇಲ್ಲ!

ಜೇಕಬ್: ಅಲ್ಲಲ್ಲ, ಟ್ಯಾಂಕಿ! ಮೇಲೆ ಟ್ಯಾಂಕಿ ತುಂಬಿ ಹರಿದದ್ದು.

ಮಗ್ದಲಿನ್: ಹೌದು ಹೌದು. ಕರೆಂಟು ಹೋಗಿ ಎರಡು ದಿನ ಆಯ್ತು, ಟ್ಯಾಂಕಿ ಮಾತ್ರ ತುಂಬಿಯೇ ಉಂಟು. ನಮ್ಮದು ಅಂಥಾ ಟ್ಯಾಂಕಿ.

ವಾಸಪ್ಪ ಚಹಾ ಮುಗಿಸಿದರು. ಅತಿಥಿ ಎಂದು ಲೋಟ ಅಲ್ಲೇ ಇಡದೆ ತಾವೇ ತೊಳೆಯಲು ಅಡುಗೆಮನೆಯ ಕಡೆ ಹೋದರು. ಬೇಡ ಬೇಡ ಎನ್ನುತ್ತ ಜೇಕಬ್ ಹಿಂದೆ ಓಡಿದರು. ಅಲ್ಲಿ ಸಿಂಕಿನ ಬದಿಯಲ್ಲಿ ಒಂದು ತೆಂಗಿನ ಗೆರಟೆಯ ತುಂಬ ನುಣುಪಾದ ಕರಿ ಮರಳು ಇತ್ತು. ವಾಸಪ್ಪ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದರು.

ವಾಸಪ್ಪ: ಬಾಯಮ್ಮ, ನೀವೂ ಬಾಣಲೆ ಉಜ್ಜುವುದು ಇದರಲ್ಲೇನಾ? ನಮ್ಮ ಮನೆಯವಳು ಹರಿಣಾಕ್ಷಿಗೂ ಇದೇ ಬೇಕು. ದೋಸೆ ಕಾವಲಿ ಫಳಫಳ ಹೊಳೀತದೆ.

ಮಗ್ದಲಿನ್: ಇದು ಅಂಗಡಿಯಲ್ಲಿ ಸಿಗುವುದಿಲ್ಲ ಅಣ್ಣ. ಮಾಡಿನಿಂದಲೇ ತೊಳೆದು ಇಳೀಬೇಕು.

ವಾಸಪ್ಪ: ಗೊತ್ತುಂಟು. ನಮ್ಮಲ್ಲೂ ಹಾಗೇ ಇಳಿಯುವುದು.

ಚಾವಡಿಯಲ್ಲಿ ಮ್ಯಾಟಿನ ಮೇಲೆ ಬೀಳುವ ಹನಿಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಜೇಕಬ್: ಅಂದ್ರೆ... ನಿಮ್ಮದೂ ಶಿಂಗಲ್ಸಾ? ನೀವು ಹೊಸ ಗಿರಾಕಿ ಅಂತ ಹೇಳಿದನಲ್ಲ ಆ ಹರಿನಾರಾಯಣ!

ವಾಸಪ್ಪ: ನನ್ನ ಹತ್ತಿರ ಹೇಳಿದ್ದು ಬೇರೆ. ವರ್ಕಾಡಿಯ ಪೊರ್ಬುಗಳ ಮಾಡು ಸೋರ್ತಿತ್ತು, ನಾನೇ ಸರಿ ಮಾಡಿ ಕೊಟ್ಟೆ, ಹೋಗಿ ಕಣ್ಣಾರೆ ನೋಡಿ ಬನ್ನಿ, ಆಮೇಲೆ ನಿಮ್ಮದು ಅಂತ.

ಮಗ್ದಲಿನ್: ಏಣಿ ಹತ್ತದೆ ಎರಡು ಮನೆ ರಿಪೇರಿ! ಕೆಲಸಗಾರ ಅಂದ್ರೆ ಹಾಗಿರ್ಬೇಕು.

ಜೇಕಬ್: ಇರಲಿ, ಈಗಲೇ ಫೋನ್ ಮಾಡಿ ಅವನ ಜನ್ಮ ಜಾಲಾಡ್ತೇನೆ!

ವಾಸಪ್ಪ: ಅಯ್ಯೋ, ಬೇಡ ಮಾರಾಯ್ರೆ! ಆದಿತ್ಯವಾರ ನಮ್ಮ ಮನೆಗೂ ಒಂದು ಪಾರ್ಟಿ ಬರ್ಲಿಕ್ಕುಂಟು. ಅವರ ಹತ್ತಿರ ಒಳ್ಳೇದು ಹೇಳಿದ್ರೆ ನನ್ನ ಮಾಡಿಗೆ ಹೊಸ ಪದರ ಹಾಕ್ತಾನಂತೆ. ನನಗೆ ನಿಮ್ಮಷ್ಟು ಚಂದ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ. ನೀವೇ ಒಂದು ಗಳಿಗೆ ಬಂದು ಮಾತಾಡಿ ಹೋಗಿ.

ಮಗ್ದಲಿನ್: ಹೋಗಿ, ಹೋಗಿ. ಏಸಿಯನ್ನೂ ತಗೊಂಡು ಹೋಗಿ.

ಜೇಕಬ್: ಯಾರಪ್ಪ ಆ ಬಡಪಾಯಿ?

ವಾಸಪ್ಪ: ಎಣ್ಮಕಜೆಯಲ್ಲಿ ಮನೆ ಕಟ್ಟಿಸ್ತಿದ್ದಾರಂತೆ. ಹಂಚೇ ಆಗ್ಬೇಕು ಅಂತ ಹಠ ಹಿಡಿದವರಂತೆ. ಅವರ ತಮ್ಮ ಒಬ್ಬ ಮಳೆ ಬಂದ ಹಾಗೆಲ್ಲ ಮಾಡಿನ ಫೋಟೋ ಕಳಿಸಿ ಕಳಿಸಿ ಮನಸ್ಸು ತಿರುಗಿಸಿದ್ದು. ತಮ್ಮನಿಗೆ ಮಾತ್ರ ಗೊತ್ತಾಗ್ಬಾರದು, ಗೆದ್ದೆ ಅಂತ ಕುಣೀತಾನೆ ಅಂದ್ರಂತೆ. ನಿಮ್ಮವರೇ, ಪೊರ್ಬುಗಳು. ಲ್ಯಾರಿ ಅಂತಲೋ ಎಂತದೋ ಹೆಸರು.

ಜೇಕಬ್ ಅಲ್ಲೇ ಸಿಂಕಿಗೆ ಒರಗಿದರು. ಎರಡು ವರ್ಷ ಹಗಲೂ ರಾತ್ರಿ ಬಯಸಿದ ಗೆಲುವು ಕೊನೆಗೂ ಬಂದಿತ್ತು. ಹಂಚಿನ ಅಣ್ಣ ಸೋತಿದ್ದ.

ಮಗ್ದಲಿನ್: ಗೆದ್ದಿರಲ್ಲ! ಕುಣಿಯಿರಿ. ಜಾಗ್ರತೆ, ನೆಲ ಜಾರ್ತದೆ.

ಮಗ್ದಲಿನ್ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅವಳ ಧ್ವನಿಯಲ್ಲಿ ಕುಹಕ ಇಳಿದಿತ್ತು.

ಮಗ್ದಲಿನ್: ನಿಮ್ಮಣ್ಣ ಕುವೈತಿನ ಬಿಸಿಲಲ್ಲಿ ಅರ್ಧ ಆಯುಷ್ಯ ತೆಗೆದು ಕಟ್ಟಿಸುವ ಮನೆ ಅದು. ಪಾಪ, ನಿಮ್ಮನ್ನು ನಂಬಿದ್ದಾರೆ.

ಜೇಕಬ್ ಒದ್ದೆ ಕಿಸೆಯಿಂದ ಫೋನ್ ತೆಗೆದರು. ಅಂಗಿಯ ತುದಿಯಲ್ಲಿ ಒರೆಸಿ, ನಂಬರು ಒತ್ತಿದರು.

ಜೇಕಬ್: ಹಲೋ, ಅಣ್ಣಾ? ಆದಿತ್ಯವಾರ ಪುತ್ತಿಗೆಗೆ ಹೋಗ್ಬೇಡಿ. ಯಾರು ಹೇಳಿದ್ದು ಅಂತ ಕೇಳ್ಬೇಡಿ. ನೀವು ಹಂಚೇ ಹಾಕಿ.

ಲ್ಯಾರಿ: ಅದೆಂತ ಹಾಗೆ? ನೀನೇ ಅಲ್ವಾ ನಿನ್ನೆಯೂ ಕಳಿಸಿದ್ದು, ಒಂದು ಹನಿ ಇಲ್ಲ ಅಂತ?

ವಾಸಪ್ಪ ನೆಲ ನೋಡಿದರು. ಮಗ್ದಲಿನ್ ಮಾಡು ನೋಡಿದಳು.

ಜೇಕಬ್: ಅದು... ಮೊಂತಿ ಹಬ್ಬಕ್ಕೆ ಬರ್ತೀರಲ್ಲ, ಬರುವಾಗ ಎಲ್ಲರೂ ಒಂದೊಂದು ಕೊಡೆ ತನ್ನಿ.

ಲ್ಯಾರಿ: ಕಾರಿನಲ್ಲಿ ಬರುವವರಿಗೆ ಕೊಡೆ ಎಂತಕ್ಕೆ ಮಾರಾಯ?

ಜೇಕಬ್: ದಾರಿಗಲ್ಲ ಅಣ್ಣಾ. ಊಟಕ್ಕೆ.